ಗೋವಿನಜೋಳದ ಹೊಲದಲ್ಲಿ ರಾಯವ್ವ

ಸವದತ್ತಿಯ ಕಾಲೇಜೊಂದರಲ್ಲಿ ಗಂಗಪ್ಪನವರು ಇತಿಹಾಸ ಹೇಳಿದ್ದು ಮೂವತ್ತೊಂದು ವರ್ಷ. ಕಾಲೇಜಿನಲ್ಲಿ ಅವರು ಸರ್, ರಾಮದುರ್ಗದ ತಮ್ಮ ಓಣಿಯಲ್ಲಿ ಮಾಸ್ತರರು. ಪಾಠ ಹೇಳುವವನು ಎಷ್ಟೇ ದೊಡ್ಡ ಸಾಲಿ ಹೊಕ್ಕರೂ ನಮ್ಮ ಕಡೆ ಅವನು ಮಾಸ್ತರನೇ. ಮುಂಜಾನೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ತೊಡೆಯ ಮೇಲೆ ಹೆಂಡತಿ ರಾಯವ್ವ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿ. ಇಷ್ಟರಲ್ಲೇ ಒಂದು ಆಯುಷ್ಯ ಸವೆಯಿತು, ಅದರ ಬಗ್ಗೆ ಅವರಿಗೆ ತಕರಾರೇನೂ ಇರಲಿಲ್ಲ.

ಅವರಿಗೆ ಜೀವಕ್ಕೆ ಜೀವವಾದ ಪಾಠ ಒಂದಿತ್ತು. ಅರಸನ ಚರ್ಚು ತಮಗೆ ಒಗ್ಗದೆಂದು ಇಂಗ್ಲೆಂಡು ಬಿಟ್ಟು, ದೇವರ ಹೆಸರು ಹೇಳಿ ಹಡಗು ಹತ್ತಿ, ೧೬೨೦ರ ಚಳಿಯಲ್ಲಿ ಅಮೆರಿಕದ ದಂಡೆಗೆ ಇಳಿದ ನೂರು ಚಿಲ್ಲರೆ ಮಂದಿಯ ಪಾಠ. ಪುಸ್ತಕದಲ್ಲಿ ಆ ಮಂದಿಗೆ ಸಿಕ್ಕಿದ್ದು ಒಂದೇ ಸಾಲು. ಮಾಸ್ತರರು ಅದನ್ನು ಎರಡು ತಾಸು ಎಳೆಯುತ್ತಿದ್ದರು. ವಸಂತ ಬರುವಷ್ಟರಲ್ಲಿ ಅರ್ಧ ಮಂದಿ ಸತ್ತರು. ಉಳಿದವರು ಅವರನ್ನು ಗುಡ್ಡದ ಮೇಲೆ ಹೂತು, ಗೋರಿಯ ಮಣ್ಣನ್ನು ಸಮ ಮಾಡಿ, ಮೇಲೆ ಕಾಳು ಬಿತ್ತಿದರಂತೆ. ತಾವೆಷ್ಟು ಮಂದಿ ಉಳಿದಿದ್ದೇವೆಂಬುದು ಅಲ್ಲಿಯ ಮೂಲನಿವಾಸಿಗಳಿಗೆ ತಿಳಿಯಬಾರದಲ್ಲ! ಇಲ್ಲಿಗೆ ಬಂದು ಮಾಸ್ತರರು ಸೀಮೆಸುಣ್ಣ ಕೆಳಗಿಡುತ್ತಿದ್ದರು. "ಅಲ್ಲಿ ಬೆಳ್ಯೂದು ಏನ್ ಗೊತ್ತೈತೇನ್ರೋ? ನಿಮ್ಮ ಹೊಲದಾಗಿನ ಗೋವಿನಜೋಳ! ಅದು ಆ ಕಡಿಂದನ ಬಂದದ್ದು." ಹುಡುಗರು ನಗುತ್ತಿದ್ದರು, ಮಾಸ್ತರರು ತಾವೇ ಹಡಗು ನಡೆಸಿಕೊಂಡು ಬಂದವರಂತೆ ಬೀಗುತ್ತಿದ್ದರು.

ಈ ಕಥೆಯನ್ನು ರಾಯವ್ವ ಒಲೆಯ ಮುಂದೆ ಕೂತು ಎಷ್ಟು ಸಲ ಕೇಳಿದ್ದಳೋ. ಒಮ್ಮೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು: "ಅಲ್ರಿ, ಮುಂದ ಅವರ ಮಂದಿಗರ ಗುರ್ತ ಸಿಕ್ಕಿತೇನ್ರಿ, ಯಾರು ಎಲ್ಲದಾರಂತ?"

"ಅದು ಪುಸ್ತಕದಾಗ ಇಲ್ಲ. ನೀ ರೊಟ್ಟಿ ಹಾಕು."

೨೦೧೯ರ ಜುಲೈನಲ್ಲಿ ಮೂರೇ ದಿನದ ಜ್ವರಕ್ಕೆ ರಾಯವ್ವ ಹೋದಳು. ಅಪ್ಪನ ಕಾಲಕ್ಕೇ ಬುದ್ಧನಿಗೆ ಶರಣಾದ ಮನೆತನ. ತ್ರಿಸರಣ ಹೇಳಿ, ಹೊಳೆಸಾಲಿನ ತಮ್ಮದೇ ಹೊಲದಲ್ಲಿ ಬೇವಿನ ಮರದ ಹತ್ತಿರ ಮಣ್ಣು ಮಾಡಿದರು. ಮೂರು ವಾರಕ್ಕೆ ನವಿಲುತೀರ್ಥದ ಅಣೆಕಟ್ಟು ತುಂಬಿ ಮಲಪ್ರಭೆ ದಂಡೆ ಮೀರಿ ಬಂದಳು. ನೀರು ಇಳಿದಾಗ ಬೇವಿಲ್ಲ, ಪಂಪ್‌ಸೆಟ್ಟಿನ ಗುಡಿಸಲು ಇಲ್ಲ, ಬದುವಿಲ್ಲ. ಹೊಲಕ್ಕೆ ಹೊಲವೇ ಮೊಳಕಾಲುದ್ದದ ರಾಡಿ.

ಹೊಲ ಮಾಡುವ ತಮ್ಮ ಭೀಮಶಿ ಕೇಳಿದ: "ಅಣ್ಣಾ, ಅತ್ತಿಗಿ ಜಾಗಾ ಎಲ್ಲೆಂತ ತೋರಸು. ಅಷ್ಟ ಬಿಟ್ಟ ಬಿತ್ತತೇನಿ."

ಮಾಸ್ತರರು ಆ ಬಯಲನ್ನು ನೋಡಿದರು. ದುಃಖ ಬರಬೇಕಿತ್ತು, ಬರಲಿಲ್ಲ. ಹೊಟ್ಟೆ ಹಸಿದಿತ್ತು, ಅಷ್ಟೇ.

"ಬಿತ್ತು," ಎಂದರು.

ರಸ್ತೆ ತೆರೆದ ಮೇಲೆ, ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಪ್ರಣಿತಾ ಓಡಿ ಬಂದಳು. ಬೇವಿನ ಗುರುತು ಅವಳಿಗೂ ಸಿಗಲಿಲ್ಲ. "ಅವ್ವ ಎಲ್ಲಿ ಅದಾಳಪ್ಪಾ?" ಎಂದಾಗ ಅವರ ಕೈ ತಾನೇ ಎದ್ದು, ಹೊಸದಾಗಿ ನೆಟ್ಟ ಲೈಟಿನ ಕಂಬದ ಬುಡ ತೋರಿಸಿತು. ಅಂದಿನಿಂದ ಅದೇ ರಾಯವ್ವನ ಜಾಗವಾಯಿತು. ಪ್ರತಿ ಜುಲೈಗೆ ಪ್ರಣಿತಾ ಅಲ್ಲಿ ಮೇಣದಬತ್ತಿ ಹಚ್ಚಿ ಮಲ್ಲಿಗೆ ಇಡುವಳು. ಸುಗ್ಗಿಗೆ ಭೀಮಶಿ ಒಂದು ಚೀಲ ತೆನೆ ಕಳಿಸುವನು, ಅವಳು ಸುಟ್ಟು ತಿನ್ನುವಳು. "ನನಗ ಹಲ್ಲಿಗೆ ಆಗಂಗಿಲ್ಲವ್ವಾ," ಎಂದು ಮಾಸ್ತರರು ಏಳುವರು. ಕಾಲೇಜಿನಲ್ಲಿ ಆ ಪಾಠ ಬಂದಾಗ ಪುಸ್ತಕದ ಒಂದು ಸಾಲು ಓದಿ ಹಾಳೆ ಮಗುಚುವರು. ಮಗಳಿಗೆ ನಿಜ ಹೇಳಬೇಕೆಂದು ಅನ್ನಿಸುತ್ತಿತ್ತು. ಅನ್ನಿಸಿದ್ದು ಬಾಯಿಗೆ ಬರುತ್ತಿರಲಿಲ್ಲ. ಹೀಗೇ ನಿವೃತ್ತಿಯೂ ಆಯಿತು.

ಈ ಜುಲೈಗೆ ಪ್ರಣಿತಾ ಕಲ್ಲು ಮಾಡಿಸಿಕೊಂಡು ಬಂದಳು. ಕರಿಕಲ್ಲು, ಅದರಲ್ಲಿ ಅವ್ವನ ಹೆಸರು. ಜೊತೆಗೆ ಕಲ್ಲು ನಿಲ್ಲಿಸಲು ಗೌಂಡಿ ಕಲ್ಮೇಶ. ಗೋವಿನಜೋಳ ಮೊಳಕಾಲಿಗೆ ಬಂದಿತ್ತು. ಕಲ್ಮೇಶ ಕಂಬದ ಬುಡದಲ್ಲಿ ನಾಲ್ಕು ಸಸಿ ಕಿತ್ತು, ಗುದ್ದಲಿ ಎತ್ತಿ ಕೇಳಿದ: "ಇಲ್ಲೇ ಅಗೀಲೇನ್ರಿ ಸರ್? ತೆಲಿ ಯಾ ಕಡೆ ಐತ್ರಿ?"

ತಲೆ ಯಾವ ಕಡೆ. ಹೆಸರು ಕೆತ್ತಿದ ಕಲ್ಲು, ಅದರ ಕೆಳಗೆ ಯಾರೂ ಇಲ್ಲ. ಬಾಯಿ ತಾನಾಗಿ ಬಿಚ್ಚಿತು.

"ನನಗ ಗೊತ್ತಿಲ್ಲವ್ವಾ. ಮಹಾಪೂರ ಬಂದಾಗಿಂದ ಗೊತ್ತಿಲ್ಲ. ಬಿತ್ತು ಅಂದಾಂವ ನಾನ."

ಪ್ರಣಿತಾ ಅಪ್ಪನನ್ನು ನೋಡಿದಳು, ಹೊಲವನ್ನು ನೋಡಿದಳು. "ಹಂಗಾರ ಇಷ್ಟ ವರ್ಷ ನಾ ಯಾರಿಗೆ ಹೂವ ಇಟ್ಟೆ?" ಎಂದಳು. "ನೀ ತೆನಿ ಯಾಕ ತಿನ್ನತಿರಲಿಲ್ಲಂತ ಈಗ ತಿಳೀತು. ನನಗರ ಬ್ಯಾಡ ಅನ್ನಬೇಕಿತ್ತಿಲ್ಲೋ ಅಪ್ಪಾ," ಎಂದಳು.

ಅವಳು ಕಲ್ಲನ್ನು ಬದುವಿಗೆ ಆನಿಸಲು ಕಲ್ಮೇಶನಿಗೆ ಹೇಳಿ, ಕಿತ್ತ ಸಸಿಗಳನ್ನು ತಿರುಗಿ ನೆಟ್ಟಳು. ಚಪ್ಪಲಿ ಬಿಟ್ಟು, ಮಲ್ಲಿಗೆಯ ದಂಡೆಯನ್ನು ಬಿಡಿಸಿ, ಒಂದೊಂದು ಸಾಲಿಗೆ ಒಂದೊಂದು ಹೂವು ಇಡುತ್ತ ಹೊರಟಳು. ಯಾವುದೋ ಒಂದು ಸಾಲಿನಲ್ಲಿ ಅವ್ವ ಇರಲೇಬೇಕು. ಅರ್ಧ ಹೊಲಕ್ಕೆ ಹೂವು ಮುಗಿದವು. ಅಲ್ಲೇ ನಿಂತು, ಅಪ್ಪನ ಕಡೆ ತಿರುಗದೆ, "ಇನ್ನೂ ಭಾಳ ಸಾಲು ಅದಾವ," ಎಂದಳು.

ಮಾಸ್ತರರು ಹೊಲದ ಆ ತುದಿಗೆ ನಡೆದರು. ಕೈಯಲ್ಲಿ ಏನೂ ಇರಲಿಲ್ಲ. ಮೊದಲನೇ ಸಾಲಿಗೆ ಬಗ್ಗಿ ಮಣ್ಣು ಮುಟ್ಟಿದರು, ಎದ್ದು ಎರಡನೆಯದಕ್ಕೆ ಹೋದರು. ಏಳನೇ ಸಾಲಿನಲ್ಲಿ ಮೊಣಕಾಲು ಹಿಡಿಯಿತು. ಆರು ವರ್ಷಗಳಲ್ಲಿ ಮೊದಲ ಸಲ ಅವರಿಗೆ ಏನೋ ನೋಯುತ್ತಿತ್ತು. ಅವರು ಎಂಟನೆಯ ಸಾಲಿಗೆ ಬಗ್ಗಿದರು.