ಬ್ಯಾಟರಿ ಕೂರಲು ಒಂದು ಜಾಗ

ಬೆನ್ನಿನ ಡಿಸ್ಕ್ ಜಾರಿದ ಮೇಲೆ ಡಾಕ್ಟರು ಬೈಕು ಓಡಿಸಬೇಡಿ ಎಂದರು. ತಿಪಟೂರಿನಿಂದ ಅರಳಗುಪ್ಪೆ ಕಡೆಯ ನಮ್ಮ ತೋಟಕ್ಕೆ ದಿನಾ ಹೋಗಿ ಬರುತ್ತಿದ್ದವನು ಜಗಲಿಗೂ ಅಡುಗೆಮನೆಗೂ ಅಲೆಯುವಂತಾದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಈಗ ತೋಟ ನೋಡಿಕೊಂಡು ಬರುತ್ತಿದ್ದವಳು ಹೆಂಡತಿ, ಸ್ಕೂಟರಿನಲ್ಲಿ. ಅವಳು ಅಲ್ಲಿದ್ದಷ್ಟು ಹೊತ್ತೂ ಫೋನು ಮಾಡುತ್ತಿದ್ದೆ, ಪಂಪು ಓಡ್ತಿದೆಯಾ, ಕಾಯಿ ಬಿದ್ದಿದಾವಾ ಎಂದು.

"ನೀವು ಮನೇಲಿ ತಿರುಗಿದ್ದನ್ನೆಲ್ಲ ಸೇರಿಸಿದ್ರೆ ಇಷ್ಟೊತ್ತಿಗೆ ತೋಟ ಮುಟ್ತಿದ್ರಿ ಕಣ್ರೀ," ಎಂದಳು ಒಂದು ದಿನ.

ಗುಂಡಿಯ ಏಟು ಬೆನ್ನಿಗೆ ತಾಗದಿರಲಿ ಎಂದು ಮುಂದೆಯೂ ಹಿಂದೆಯೂ ಸ್ಪ್ರಿಂಗ್ ಇರುವ ಸೈಕಲ್ ತಂದೆ. ಏರಿನಲ್ಲಿ ತುಳಿಯಲಾರೆನಲ್ಲ, ಅದಕ್ಕೊಂದು ಮೋಟಾರು, ದೊಡ್ಡ ಬ್ಯಾಟರಿ. ಆದರೆ ಬ್ಯಾಟರಿ ಕೂರಬೇಕಾದ, ಸೈಕಲ್ಲಿನ ಪೈಪುಗಳ ನಡುವಿನ ಜಾಗದಲ್ಲಿ ಹಿಂದಿನ ಸ್ಪ್ರಿಂಗ್ ಅಡ್ಡ ಮಲಗಿತ್ತು.

"ನಾಳೆ ವೆಲ್ಡಿಂಗ್ ಅಂಗಡೀಲಿ ಕೇಳಾಣ ಬುಡಿ," ಎಂದಳು ಹೆಂಡತಿ.

ನಾಳೆಯವರೆಗೆ ತಡೆಯಲು ನನ್ನಿಂದಾಗಲಿಲ್ಲ. ಸೀಟಿನ ಕಂಬಕ್ಕೆ ಕ್ಯಾರಿಯರ್ ಬಿಗಿದು, ಅದರ ಮೇಲೆ ಬ್ಯಾಟರಿ ಕಟ್ಟಿ ಹೊರಟೇಬಿಟ್ಟೆ. ಅವಳು ಸ್ಕೂಟರಿನಲ್ಲಿ ಹಿಂದೆಯೇ ಬಂದಳು.

ಟಾರು ರಸ್ತೆಯಲ್ಲಿ ಹಾರಿದಂತಿತ್ತು. ತೋಟದ ದಾರಿಗೆ ತಿರುಗಿದ ಮೇಲೆ ಸೈಕಲ್ಲಿನ ಹಿಂಭಾಗ ಅತ್ತಿತ್ತ ತೊನೆಯತೊಡಗಿತು. ಒಂದು ಗುಂಡಿಯಲ್ಲಿ ಕ್ಯಾರಿಯರ್ ಮುರಿದು ಬ್ಯಾಟರಿ ಕಲ್ಲಿನ ಮೇಲೆ ಬಿತ್ತು. ಅದರ ಒಂದು ಮೂಲೆ ನಜ್ಜಾಯಿತು.

"ಮುಟ್ಬ್ಯಾಡಿ! ಧಗ್ ಅಂತ ಹತ್ಕಂಡುಬಿಡ್ತವೆ ಇವು," ಎಂದು ಹಿಂದಿನಿಂದ ಅವಳು ಕೂಗಿದಳು.

ವೈರು ಕಿತ್ತು ಹೋಗಿತ್ತು. ಅವಳು ಉದ್ದನೆಯ ಕೋಲಿನಿಂದ ಅದನ್ನು ಬಯಲಿಗೆ ತಳ್ಳಿದಳು. ಸುತ್ತಲೂ ಒಣಗಿದ ತೆಂಗಿನ ಗರಿ, ಬಿಟ್ಟು ಹೋಗುವಂತಿರಲಿಲ್ಲ. ದೂರದಲ್ಲಿ ಕೂತು ಕಾದೆವು. ಕಾದೆವೆನ್ನುವುದಕ್ಕಿಂತ ಅವಳು ಕೂತಳು, ನಾನು ಎದ್ದೆ, ಕೂತೆ, ಮತ್ತೆ ಎದ್ದೆ.

"ಹೊಗೆ ಬಂತೇನೇ?"

"ಇಲ್ಲ ಕಣ್ರೀ, ಕೂತ್ಕಳಿ. ಒಂದು ಮಾತು ಹೇಳ್ಲಾ? ನಾನು ದಿನಾ ಇಲ್ಲಿಗೆ ಬರೋದು ಕಾಯಿ ನೋಡಾಕಲ್ಲ. ಒಂದು ಗಳಿಗೆ ಸುಮ್ನೆ ಕೂರಾಕೆ. ಅದಕ್ಕೂ ನಿಮ್ಮ ಫೋನು ಅಡ್ಡ."

ಅವಳ ಪಕ್ಕದಲ್ಲಿ ಕೂತೆ. ಏಳದೆ ಅಷ್ಟು ಹೊತ್ತು ಕೂತದ್ದು ಬೆನ್ನು ಕೆಟ್ಟ ಮೇಲೆ ಅದೇ ಮೊದಲು. ಆಮೇಲೆ ತಡೆಯಲಾರದೆ ಮತ್ತೆ ಹೊಗೆಯ ಮಾತೆತ್ತಿದೆ. ಅವಳು ನಕ್ಕುಬಿಟ್ಟಳು.

ಹೊಗೆ ಬರಲಿಲ್ಲ. ಸಂಜೆ ಬ್ಯಾಟರಿ ಮಾರಿದ ಅಂಗಡಿಯವರೇ ಬಂದು ಅದನ್ನು ಮರಳು ತುಂಬಿದ ಡಬ್ಬಿಯಲ್ಲಿಟ್ಟು ಒಯ್ದರು. ಹೊಸದು ಬಂದಾಗ ಅವಸರ ಮಾಡಲಿಲ್ಲ, ಅಂದರೆ ಅವಳು ಮಾಡಗೊಡಲಿಲ್ಲ. ಹ್ಯಾಂಡಲ್ಲಿನಿಂದ ಪೆಡಲಿನತ್ತ ಇಳಿಯುವ ಓರೆ ಪೈಪಿನ ಕೆಳಗೆ ಕೂರುವಂತೆ ತಗಡಿನ ತೊಟ್ಟಿ ಮಾಡಿಸಿ, ಒಳಗೆ ಹಳೆಯ ಟ್ಯೂಬಿನ ರಬ್ಬರು ಹಾಸಿ, ಪಟ್ಟಿಗಳಿಂದ ಬಿಗಿಸಿದೆವು. ಅವಳು ಹ್ಯಾಂಡಲ್ ಮೇಲೆ ಪೂರ್ತಿ ಭಾರ ಬಿಟ್ಟು ಮುಂದಿನ ಸ್ಪ್ರಿಂಗ್ ಅದುಮಿದಳು. ಮುಂದಿನ ಚಕ್ರ ತೊಟ್ಟಿಗೆ ತಾಗುತ್ತದೆಯೇ ಎಂದು ನಾನು ನೆಲದಲ್ಲಿ ಮಲಗಿ ನೋಡಿದೆ. ತಾಗಲಿಲ್ಲ.

ಮರುದಿನ ನಾನು ಹೊರಡುವಾಗ ಅವಳೂ ಚೀಲ ಹಿಡಿದು ನಿಂತಿದ್ದಳು.

"ನೀನೂ ಬತ್ತೀಯಾ?"

"ತೋಟಕ್ಕಲ್ಲ. ಹುಳಿಯಾರ್ ಬಸ್ ಹತ್ತಿ ಬೋರನಕಣಿವೆ ಡ್ಯಾಮಿನ ನೀರು ನೋಡ್ಕಂಡು ಬತ್ತೀನಿ. ಫೋನ್ ಮಾಡ್ಬ್ಯಾಡಿ."

ಸೈಕಲ್ ಗುಂಡಿಗಳನ್ನು ದಾಟಿದ್ದೇ ಬೆನ್ನಿಗೆ ಗೊತ್ತಾಗಲಿಲ್ಲ. ತೋಟದಲ್ಲಿ ಪಂಪು ಓಡುತ್ತಿತ್ತು. ಅಂಥ ಕೆಲಸವೇನೂ ಇರಲಿಲ್ಲ. ಅವಳಿದ್ದ ಬಸ್ಸು ಎಲ್ಲಿಗೆ ಬಂದಿರಬಹುದು ಎಂದು ಲೆಕ್ಕ ಹಾಕುತ್ತ, ಫೋನನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಹಾಕಿಕೊಳ್ಳುತ್ತ, ಒಂದು ಸಾಲಿನಿಂದ ಇನ್ನೊಂದಕ್ಕೆ ನಡೆದೆ.