ಅಣ್ಣ ಮರೆತಿರಲಿಲ್ಲ

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯೊಂದಿದೆ. ಹೋದ ವಾರ ಅದರ ಮುಂದೆ ಹಾಯುವಾಗ ಸುಟ್ಟ ವೈರಿನ ವಾಸನೆ ಬಂತು. ಕಾಲು ಮುಂದಕ್ಕೆ ಹೋಗಲಿಲ್ಲ. ಅಣ್ಣ ಹೋದ ದಿನ ನಮ್ಮ ಬೋರ್‌ವೆಲ್ ಹತ್ತಿರ ಇದ್ದದ್ದು ಇದೇ ವಾಸನೆ...

ಅಣ್ಣ ಬೆಂಗಳೂರಲ್ಲಿ ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿ ವೈರಿಂಗ್ ಕೆಲಸದಲ್ಲಿದ್ದ. ನಾನು ಏಳನೆಯ ಕ್ಲಾಸಿಗೇ ಓದು ಬಿಟ್ಟವನು. ಅಜ್ಜೀಪುರದಲ್ಲಿ ಅರಿಸಿನ ಬೆಳೆಯುತ್ತಿದ್ದೆ. ಅಣ್ಣ ರಜಕ್ಕೆ ಬಂದಾಗ ಜಗಲಿ ಮೇಲೆ ಕೂತು ನನಗೆ ವಿಮಾನದ ವಿಷಯ ಹೇಳುತ್ತಿದ್ದ. ಬಾಲದಲ್ಲಿ ಚಿಕ್ಕ ರೆಕ್ಕೆಯಿರುತ್ತದಂತೆ. ವಿಮಾನದ ಮೂತಿ ಏಳದಂತೆ, ಬೀಳದಂತೆ ಒಂದು ಮೋಟಾರು ಅದನ್ನು ಓರೆ ಮಾಡುತ್ತಿರುತ್ತದಂತೆ. ಆ ಮೋಟಾರಿಗೆ ಪೈಲಟ್ಟಿನ ಬೆರಳೂ ಅಪ್ಪಣೆ ಕೊಡುತ್ತದೆ, ಕಂಪ್ಯೂಟರೂ ತಾನಾಗಿ ಕೊಡುತ್ತದೆ.

“ಕಂಪ್ಯೂಟರ್ ತಪ್ಪು ಯೋಳುದ್ರೆ?” ಅಂದೆ.

“ಅದ್ಕೇ ಕಣ್ಲಾ, ಕರೆಂಟೇ ಕಡಿಯೋ ಸ್ವಿಚ್ಚು ಬ್ಯಾರೆ ಇರ್ತದೆ. ಯಾರು ಏನೇ ಯೋಳ್ಳಿ, ಅದ ಎಳುದ್ರೆ ಮೋಟಾರು ನಿಂತೋಯ್ತದೆ.”

ನಮ್ಮ ಪಂಪಿಗೆ ಆಟೋ ಸ್ಟಾರ್ಟರ್ ಇತ್ತು. ತ್ರೀ ಫೇಸ್ ಕರೆಂಟು ಬಂದ ತಕ್ಷಣ ಅದೇ ಮೋಟಾರು ಓಡಿಸುತ್ತಿತ್ತು. ಅದು ಸರಿಯಲ್ಲವೆಂದು ಅಣ್ಣ ಅದರ ಮೇಲೆ, ಕೆಳಗೆಳೆದರೆ ಕರೆಂಟು ಕಡಿಯುವ ಹಿಡಿಯಿರುವ ಸ್ವಿಚ್ಚೊಂದನ್ನು ಕೂರಿಸಿದ.

“ನಮ್ಮ ಪಂಪೇನು ಆರೋಯ್ತದಾ, ಬುಡಣ್ಣ,” ಎಂದು ನಕ್ಕಿದ್ದೆ.

ಒಂದು ದಿನ ಆ ಸ್ವಿಚ್ಚು ಒಳಗೇ ಸುಟ್ಟು ಪಂಪು ನಿಂತಿತು. ಹೊಸದು ತರುವ ಸೋಮಾರಿತನಕ್ಕೆ, ತುಂಡು ವೈರುಗಳಿಂದ ಸ್ವಿಚ್ಚಿನ ಆಚೆ ಈಚೆಯ ತಂತಿಗಳನ್ನು ನೇರವಾಗಿ ಕೂಡಿಸಿಬಿಟ್ಟೆ. ಅಂದಿನಿಂದ ಹಿಡಿ ಎಳೆದರೂ ಕರೆಂಟು ಕಡಿಯುತ್ತಿರಲಿಲ್ಲ. ಬೈಯುತ್ತಾನೆಂದು ಅಣ್ಣನಿಗೆ ಹೇಳಲಿಲ್ಲ.

ಮುಂದಿನ ರಜದಲ್ಲಿ ಬಂದವನು ಬೋರಿನ ಬಾಯಲ್ಲಿ ಕೇಬಲ್ ಜಾಯಿಂಟ್ ಬಿಚ್ಚಲು ಕೂತ. ಕರೆಂಟು ಹೋಗಿತ್ತು. ಅವನು ಹಿಡಿ ಎಳೆದದ್ದನ್ನು ನಾನು ಕಣ್ಣಾರೆ ನೋಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು... ಸಂಜೆಯವರೆಗೆ ಕರೆಂಟು ಬರುವುದಿಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೇ ಬಂತು.

ಓಡಿಹೋಗಿ ಕಂಬದ ಫ್ಯೂಸ್ ಕಿತ್ತೆ. ಅಣ್ಣ ಉಳಿಯಲಿಲ್ಲ. ಜನ ಸೇರುವುದರೊಳಗೆ ತುಂಡು ವೈರುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಅವನು ಎಳೆದಿದ್ದ ಹಿಡಿಯನ್ನು ಮತ್ತೆ ಮೇಲಕ್ಕೆ ತಳ್ಳಿದೆ. “ಸ್ವಿಚ್ ಎಳೆಯೋದ ಮರ್ತುಬುಟ್ಟ” ಅಂದೆ.

ಊರು ನಂಬಿತು. “ಇಮಾನದ ವೈರ್ ನೋಡ್ಕತಿದ್ದೋನು ಪಂಪಿನ ಸ್ವಿಚ್ಚ ಮರ್ತನಲ್ಲಪ್ಪಾ” ಎಂದು ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ನಕ್ಕರು. ನಾನೂ ಹೌದೆಂದು ಕೂತಿದ್ದೆ.

ಆ ವಾಸನೆ ಬಂದ ಮೇಲೆ ತಡೆಯಲಾಗಲಿಲ್ಲ. ಯಳಂದೂರಿಗೆ ಹೋಗಿ, ತವರಿನಲ್ಲಿರುವ ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ.

“ನಂಗ್ಯಾಕಪ್ಪ ಯೋಳ್ತೀಯೆ? ಅವ್ರು ಮರೆಯೋರಲ್ಲ ಅಂತ ನಂಗೊತ್ತು. ನಗಾಡಿದ್ರಲ್ಲ, ಅವ್ರ್‌ಗೆ ಓಗಿ ಯೋಳು.”

ಹನೂರು ಬಸ್ಸು ಹಿಡಿದು ಊರಿಗೆ ಬಂದೆ. ನೆನ್ನೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಅಣ್ಣ ಮರೆತಿರಲಿಲ್ಲ ಎಂಬುದು ಈಗ ಊರಿಗೆ ಗೊತ್ತು. ಅವತ್ತು ಹಿಡಿ ಎಳೆದು ನನ್ನ ಕಡೆ ತಿರುಗಿ, “ಇನ್ನೇನೂ ಬಯ ಇಲ್ಲ ಬಾರ್ಲಾ” ಅಂದಿದ್ದ... ಅದೊಂದನ್ನು ಮಾತ್ರ ಅವರಿಗೆ ಹೇಳಲು ಆಗಲಿಲ್ಲ.