ಉದ್ದ ಕೋಸಿನ ಜಾಡು ಹಿಡಿದು

ನಮ್ಮ ಚಿಕ್ಕಮ್ಮನ ತಲೆಗೆ ಒಂದು ವಿಷಯ ಹೊಕ್ಕಿತೆಂದರೆ ಮುಗಿಯಿತು, ಮನೆಯವರೆಲ್ಲ ಚಪ್ಪಲಿ ಮೆಟ್ಟಿಕೊಂಡು ಸಿದ್ಧರಾಗಿರಬೇಕು. ಹಾಸಿಗೆ ಹಿಡಿದವರನ್ನು ಒಂದು ಏಜೆನ್ಸಿಯ ಪರವಾಗಿ ಅವರವರ ಮನೆಗೇ ಹೋಗಿ ನೋಡಿಕೊಳ್ಳುವುದು ಅವಳ ಕೆಲಸ. ಈ ಸಲ ಸಿಕ್ಕವರು ಕೊರಿಯಾದ ಒಬ್ಬ ಅಜ್ಜಿ. ಮಗ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ರಾತ್ರಿಗೇ ಬರುವುದು. ಸೊಂಟದ ಆಪರೇಷನ್ ಗಾಯ ಮಾಯಿತು, ಆದರೆ ಅಜ್ಜಿ ಊಟ ಬಿಟ್ಟರು. ಶುಕ್ರವಾರದೊಳಗೆ ತಿನ್ನದಿದ್ದರೆ ಮೂಗಿಗೆ ಪೈಪು ಹಾಕುವುದೇ ಎಂದು ಡಾಕ್ಟರು ಹೇಳಿಬಿಟ್ಟರು.

"ಪೈಪು ಹಾಕಿದ್ರೆ ಈ ಜೀವ ಮತ್ತೆ ಏಳಲ್ಲ. ನಾನು ಬಿಡಲ್ಲ ಕಣೇ," ಎಂದಳು ಚಿಕ್ಕಮ್ಮ.

ತಮ್ಮೂರ ರುಚಿ ಸಿಕ್ಕರೆ ಅಜ್ಜಿ ತಿಂದಾರು ಎಂದು ಅಂದಿನಿಂದ ಕೊರಿಯನ್ ಹೋಟೆಲುಗಳ ಬೇಟೆ. ಸ್ಕೂಟರು ನನ್ನದು, ಹಟ ಅವಳದು. ನದಿಯಾಚೆಯ ಬಡಾವಣೆ, ಬ್ಯಾಂಕುಗಳ ಬೀದಿ, ಕಾಲೇಜಿನ ಹಿಂಭಾಗ, ಎಲ್ಲ ಕಡೆ ಸಾರು ಕಟ್ಟಿಸಿಕೊಂಡೆವು. ಅಜ್ಜಿ ಮುಚ್ಚಳ ತೆಗೆದು ಮೂಸಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಆರು ಹೋಟೆಲಿನದೂ ಅದೇ ಗತಿ.

ಬುಧವಾರ ಚಿಕ್ಕಮ್ಮ ನನ್ನನ್ನು ಸೀದಾ ಸಗಟು ತರಕಾರಿ ಮಾರುಕಟ್ಟೆಗೆ ಎಳೆದೊಯ್ದಳು. ಕಿಮ್ಚಿಯಿಲ್ಲದೆ ಕೊರಿಯಾದವರ ಊಟವಿಲ್ಲ. ಉದ್ದನೆಯ ಕೋಸಿಗೆ ಉಪ್ಪು ಖಾರ ಹಚ್ಚಿ ಹುಳಿ ಬರಿಸಿದರೆ ಕಿಮ್ಚಿ.

"ಉದ್ದ ಕೋಸನ್ನ ಮೂಟೆಗಟ್ಟಲೆ ಒಯ್ಯೋರು ಯಾರಪ್ಪಾ?"

"ಒಬ್ಬಳೇ ಒಬ್ಬಳು," ಎಂದ ಕೋಸಿನ ವ್ಯಾಪಾರಿ. "ಮಿಕ್ಕ ಹೋಟ್ಲಿನೋರು ಡಬ್ಬಿ ಕಿಮ್ಚಿ ತರಿಸ್ತಾರಂತೆ. ಇವಳು ಒಂದೊಂದು ಕೋಸನ್ನೂ ಒತ್ತಿ ನೋಡಿ ನನ್ನ ಜೀವ ತಿಂತಾಳೆ."

"ಜೀವ ತಿಂತಾಳಾ? ಹಾಗಾದ್ರೆ ಅವಳೇ ಸರಿ!"

ಟೈರ್ ಅಂಗಡಿಯ ಪಕ್ಕ ಐದೇ ಮೇಜಿನ ಹೋಟೆಲು. ಒಂದು ಗಂಟೆ ಸುತ್ತಿ ತಂದ ಸಾರು ತಣ್ಣಗಾಗದೆ ಇನ್ನೇನಾದೀತು ಎಂದು ಚಿಕ್ಕಮ್ಮ ಈ ಸಲ ಕಟ್ಟಿಸಿಕೊಳ್ಳಲಿಲ್ಲ. ಮಗನನ್ನು ಫೋನಿನಲ್ಲಿ ಒಪ್ಪಿಸಿ, ಗುರುವಾರ ಮಧ್ಯಾಹ್ನ ವೀಲ್‌ಚೇರ್ ಸಮೇತ ಟ್ಯಾಕ್ಸಿಯಲ್ಲಿ ಅಜ್ಜಿಯನ್ನೇ ಕರೆತಂದಳು.

ಕಲ್ಲಿನ ಮಡಕೆಯಲ್ಲಿ ಕೊತಕೊತ ಕುದಿಯುತ್ತಲೇ ಸಾರು ಬಂತು, ಜೊತೆಗೆ ಪುಟ್ಟ ಬಟ್ಟಲಿನಲ್ಲಿ ಕಿಮ್ಚಿ. ಅಜ್ಜಿ ಮೂಸಿದರು. ಮುಖ ತಿರುಗಿಸಲಿಲ್ಲ. ಚಮಚ ಎತ್ತಿಕೊಂಡರು, ಆದರೆ ತಿನ್ನದೆ, ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮನನ್ನೇ ನೋಡುತ್ತ ಕೂತರು. ಅಯ್ಯೋ, ಇನ್ನೇನು ಬೇಕಂತೆ ಈ ಅಜ್ಜಿಗೆ ಎಂದು ನನಗೆ ತಲೆ ಕೆಟ್ಟುಹೋಯಿತು.

ಹೋಟೆಲಿನವಳು ಇನ್ನೊಂದು ಬಟ್ಟಲು ಅನ್ನ ತಂದಿಟ್ಟಳು. "ನೀವೂ ಕೂತ್ಕೊಳ್ಳಿ."

"ಇಲ್ಲಮ್ಮ. ರೋಗಿ ಜೊತೆ ಊಟಕ್ಕೆ ಕೂರಬಾರ್ದು ಅಂತ ನಮ್ಮ ಏಜೆನ್ಸಿ ರೂಲು."

"ಮತ್ತೆ ಇಷ್ಟು ದಿನ ಇವರು ಒಬ್ಬರೇ ತಿನ್ಬೇಕಿತ್ತಾ? ನೀವು ನಿಂತು ನೋಡ್ತಿದ್ರಾ?"

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಅವಳು ಕೂತಿದ್ದೇ ತಡ, ಅಜ್ಜಿ ಮೊದಲ ಚಮಚ ಬಾಯಿಗಿಟ್ಟರು. ಆಮೇಲೆ ಮಡಕೆಯನ್ನು ಇಬ್ಬರ ನಡುವೆ ತಳ್ಳಿದರು. ಚಿಕ್ಕಮ್ಮ ಅಳುತ್ತಲೇ ತಿಂದಳು.

ಮಡಕೆ ಖಾಲಿಯಾದ ಮೇಲೆ ಏಜೆನ್ಸಿಗೆ ಫೋನು ಮಾಡಿದಳು.

"ಪೈಪು ಬೇಡ ಅಂತ ಡಾಕ್ಟ್ರಿಗೆ ಹೇಳಿ. ಅಜ್ಜಿ ಊಟ ಮಾಡಿದ್ರು. ಜೊತೇಲಿ ಕೂತು ನಾನೂ ಮಾಡ್ದೆ. ನಾಳೆನೂ ಮಾಡ್ತೀನಿ. ಕೆಲಸದಿಂದ ತೆಗೆಯೋದಾದ್ರೆ ಅಜ್ಜಿ ಎದ್ದು ನಡೆದ ಮೇಲೆ ತೆಗೀರಿ."